ಒಂದು ಪ್ರಾವಿನ್ಸ್‌ಗೆ ಒಂದೇ ಧರ್ಮ ಅನ್ನೋ ನಿಯಮ ಪಶ್ಚಿಮ ಆಫ್ರಿಕಾದಲ್ಲಿ ಕೂರಲ್ಲ

(ಇತಿಹಾಸದ ಸ್ಟ್ರಾಟಜಿ ಗೇಮ್ ಆಡೋರು ಮತ್ತು ಅವಕ್ಕೆ ಮಾಡ್, ಅಂದ್ರೆ ಆಟ ಬದಲಿಸೋ ಸೇರ್ಪಡೆ, ಬರೆಯೋರ ಮುಂದೆ ಮಾತಾಡಿದ್ದರ ಬರಹ ರೂಪ)

ನಿಮ್ಮಲ್ಲಿ ಯುರೋಪಾ ಯೂನಿವರ್ಸಾಲಿಸ್ 4 ಆಡಿರೋರು, ಆಫ್ರಿಕಾದ ಕಡೆ ಮ್ಯಾಪ್ ಸರಿಸಿ ಧರ್ಮದ ಮ್ಯಾಪ್ ಮೋಡ್ ಒತ್ತಿದ್ರೆ ಏನ್ ಕಾಣತ್ತೆ ಅಂತ ನೆನಪು ಮಾಡ್ಕೊಳ್ಳಿ. ಆಟ ಶುರುವಾಗೋದು 1444ರಲ್ಲಿ. ಮೇಲ್ಗಡೆ ಸಹಾರಾ ಅಂಚಿನ ರಾಜ್ಯಗಳಿಗೆ ಸುನ್ನಿ ಬಣ್ಣ, ಕೆಳಗೆ ಕಾಡು ಸೀಮೆಯಿಂದ ಹಿಡಿದು ಮಧ್ಯ ಆಫ್ರಿಕಾದವರೆಗೆ ಇನ್ನೊಂದೇ ಬಣ್ಣ, ಅದಕ್ಕೆ ಫೆಟಿಶಿಸ್ಟ್ ಅಂತ ಹೆಸರು. ಯೊರುಬಾ, ಅಕಾನ್, ಮೋಸಿ, ಕಾಂಗೋ ಅನ್ನೋ ಬೇರೆಬೇರೆ ಜನ ಎಲ್ಲರೂ ಅದೇ ಡಬ್ಬದಲ್ಲಿ. ಆ ಹೆಸರು ಕರಾವಳಿಗೆ ಬಂದ ಯುರೋಪಿನ ವ್ಯಾಪಾರಿಗಳು ಇಟ್ಟಿದ್ದು, ಅಲ್ಲಿನ ಯಾರೂ ತಮ್ಮನ್ನ ಹಾಗೆ ಕರ್ಕೊಂಡಿದ್ದಿಲ್ಲ.

ಹೆಸರು ಬದಲಾಯಿಸೋದು ಸುಲಭದ ಕೆಲಸ. ಒಂದು ಡಬ್ಬ ಒಡೆದು ಹತ್ತು ಡಬ್ಬ ಮಾಡಬಹುದು, ಕ್ರುಸೇಡರ್ ಕಿಂಗ್ಸ್ 3ರಲ್ಲಿ ಅದನ್ನ ಮಾಡಿದ್ದಾರೆ ಕೂಡ, ಅಲ್ಲಿ ಯೊರುಬಾ ಜನರ ಒರಿಷಾ ಬೇರೆ, ಅಕಾನ್ ಜನರ ಅಕೋಮ್ ಬೇರೆ, ಹೌಸಾ ಜನರ ಬೋರಿ ಬೇರೆ. ಇದು ನಿಜಕ್ಕೂ ಒಳ್ಳೇ ಕೆಲಸ, ಯಾರೋ ಕೂತು ಓದಿ ಮಾಡಿದಾರೆ ಅಂತ ಗೊತ್ತಾಗತ್ತೆ. ಆದ್ರೆ ಡಬ್ಬದ ಕೆಳಗೆ ಒಂದು ನಿಯಮ ಇದೆ, ಅದು ಎರಡೂ ಆಟದಲ್ಲಿ ಹಾಗೇ ಉಳ್ಕೊಂಡಿದೆ: ಒಂದು ಜಾಗಕ್ಕೆ, ಅಂದ್ರೆ ಮ್ಯಾಪಿನ ಒಂದು ತುಂಡಾದ ಪ್ರಾವಿನ್ಸ್‌ಗೆ, ಒಂದು ಧರ್ಮ, ಒಬ್ಬ ರಾಜನಿಗೆ ಒಂದು ಧರ್ಮ, ಇನ್ನೊಂದು ಬಂದ್ರೆ ಮೊದಲಿದ್ದದ್ದು ಹೋಗ್ಬೇಕು. ನಾನಿವತ್ತು ಮಾತಾಡೋದು ಈ ನಿಯಮದ ಬಗ್ಗೆ. ಪಶ್ಚಿಮ ಆಫ್ರಿಕಾದ ಇತಿಹಾಸ ಓದಿದಷ್ಟೂ ಈ ನಿಯಮ ಅಲ್ಲಿಗೆ ಹೊಂದಲ್ಲ ಅಂತ ನಂಗೆ ಗಟ್ಟಿಯಾಗ್ತಾ ಬಂದಿದೆ.

ಘಾನಾದಿಂದ ಶುರು ಮಾಡೋಣ. ಈಗಿನ ಘಾನಾ ದೇಶ ಅಲ್ಲ, ಹಳೇ ಘಾನಾ ಸಾಮ್ರಾಜ್ಯ, ಅದು ಈಗಿನ ಮಾರಿಟೇನಿಯಾದ ದಕ್ಷಿಣ ಮತ್ತು ಮಾಲಿಯ ಪಶ್ಚಿಮ ಭಾಗದಲ್ಲಿತ್ತು. 1068ರಲ್ಲಿ ಸ್ಪೇನಿನ ಅಲ್ ಬಕ್ರಿ ಅನ್ನೋ ಭೂಗೋಳಕಾರ ಇದರ ರಾಜಧಾನಿಯನ್ನ ವರ್ಣಿಸ್ತಾನೆ. ಅವನು ಸ್ವತಃ ಅಲ್ಲಿಗೆ ಹೋದವನಲ್ಲ, ಹೋಗಿ ಬಂದ ವ್ಯಾಪಾರಿಗಳಿಂದ ಕೇಳಿ, ಹಳೇ ಬರಹ ನೋಡಿ ಬರೆದವನು, ಆದ್ರೂ ವಿವರ ಎಷ್ಟು ದಟ್ಟವಾಗಿದೆ ನೋಡಿ. ರಾಜಧಾನಿ ಅಂದ್ರೆ ಎರಡು ಊರು. ಒಂದರಲ್ಲಿ ಮುಸ್ಲಿಮರು, ಅಲ್ಲಿ ಹನ್ನೆರಡು ಮಸೀದಿ, ಇಮಾಮರು, ಕಾನೂನು ಪಂಡಿತರು. ಆರು ಮೈಲಿ ಆಚೆ ರಾಜನ ಊರು, ಮಧ್ಯದಲ್ಲಿ ಉದ್ದಕ್ಕೂ ಮನೆಗಳು. ರಾಜನ ಊರಿನ ಸುತ್ತ ದೇವರ ಕಾಡು, ಅದರೊಳಗೆ ಪೂಜೆ ಮಾಡೋರು ಇರ್ತಾರೆ, ವಿಗ್ರಹಗಳಿವೆ, ರಾಜರ ಗೋರಿಗಳಿವೆ, ಕಾವಲಿದೆ, ಹೊರಗಿನವರು ಒಳಗೆ ಕಾಲಿಡೋ ಹಾಗಿಲ್ಲ. ಅದೇ ರಾಜನ ಊರಲ್ಲಿ, ಅವನು ನ್ಯಾಯಕ್ಕೆ ಕೂರೋ ಜಾಗದ ಹತ್ರಾನೇ ಒಂದು ಮಸೀದಿ, ಆಸ್ಥಾನಕ್ಕೆ ಬರೋ ಮುಸ್ಲಿಮರು ನಮಾಜ್ ಮಾಡ್ಲಿ ಅಂತ. ರಾಜ ತನ್ನ ಹಳೇ ದೇವರಿಗೇ ನಡ್ಕೊಳ್ಳೋನು, ಆದ್ರೆ ದುಭಾಷಿಗಳು ಮುಸ್ಲಿಮರು, ಖಜಾನೆ ನೋಡ್ಕೊಳ್ಳೋನು ಮುಸ್ಲಿಂ, ಮಂತ್ರಿಗಳಲ್ಲೂ ಹೆಚ್ಚಿನವರು ಮುಸ್ಲಿಮರು.

ರಾಜನ ಮುಂದೆ ಬಂದಾಗ ಅವನ ಧರ್ಮದವರು ಮಂಡಿಯೂರಿ ತಲೆ ಮೇಲೆ ಮಣ್ಣು ಹಾಕ್ಕೋಬೇಕು, ಮುಸ್ಲಿಮರು ಬರೀ ಕೈ ತಟ್ಟಿದ್ರೆ ಸಾಕು. ರಾಜನ ಧರ್ಮದವರಲ್ಲಿ ಹೊಲಿದ ಬಟ್ಟೆ ಹಾಕೋ ಹಕ್ಕು ರಾಜನಿಗೆ ಮತ್ತು ಮುಂದಿನ ರಾಜನಿಗೆ ಮಾತ್ರ, ಮಿಕ್ಕವರು ಸುತ್ತಿಕೊಳ್ಳೋ ಬಟ್ಟೆ ಉಡಬೇಕು. ಅಂದ್ರೆ ಒಂದೇ ಆಸ್ಥಾನ, ಒಂದೇ ಸಿಂಹಾಸನ, ಅದರ ಮುಂದೆ ಎರಡು ಥರದ ನಡವಳಿಕೆ, ಎರಡಕ್ಕೂ ರಾಜನೇ ಒಪ್ಪಿಗೆ ಕೊಟ್ಟಿದಾನೆ. ಈಗ ಹೇಳಿ, ಈ ಊರು ಇರೋ ಪ್ರಾವಿನ್ಸ್‌ಗೆ ನೀವು ಯಾವ ಬಣ್ಣ ಹಚ್ತೀರ? ಸುನ್ನಿ ಅಂದ್ರೆ ರಾಜ ಹೋದ, ಇನ್ನೊಂದು ಅಂದ್ರೆ ಖಜಾನೆ ಹೋಯ್ತು.

ಪಾಪ್ಸ್, ಅಂದ್ರೆ ಜನರನ್ನ ಗುಂಪುಗುಂಪಾಗಿ ಲೆಕ್ಕ ಹಾಕೋ ಪದ್ಧತಿ, ಇರೋ ಆಟದಲ್ಲಿ ಇದು ಸರಿಹೋಗತ್ತೆ ಅಂತ ಯಾರಾದ್ರೂ ಹೇಳ್ತೀರ ಅಂತ ಗೊತ್ತು. ವಿಕ್ಟೋರಿಯಾ ಸರಣಿ ಇದೆ, ಈಗ 1337ರಲ್ಲಿ ಶುರುವಾಗೋ ಯುರೋಪಾ ಯೂನಿವರ್ಸಾಲಿಸ್ 5 ಬಂದಿದೆ, ಅವುಗಳಲ್ಲಿ ಒಂದು ಜಾಗದಲ್ಲಿ ಇಷ್ಟು ಜನ ಈ ಧರ್ಮ, ಇಷ್ಟು ಜನ ಆ ಧರ್ಮ ಅಂತ ಹಂಚಬಹುದು. ಮೊದಲಿಗಿಂತ ಎಷ್ಟೋ ವಾಸಿ. ಆದ್ರೆ ಅಲ್ಲೂ ಪ್ರತಿ ಗುಂಪಿಗೆ ಒಂದೇ ಧರ್ಮ. ಸೋಮವಾರ ಮಸೀದಿಯ ವ್ಯಾಪಾರಿ ಹತ್ರ ತಾಯಿತ ಕಟ್ಟಿಸ್ಕೊಂಡು ಮಂಗಳವಾರ ಭೂಮಿ ಪೂಜಾರಿಗೆ ಕೋಳಿ ಕೊಡೋ ರೈತನಿಗೆ ಅಲ್ಲಿ ಜಾಗ ಇಲ್ಲ. ಈಗಿನ ಘಾನಾ ದೇಶದಲ್ಲಿರೋ ಅಸಾಂಟೆ ರಾಜರನ್ನೇ ನೋಡಿ, ಅವರ ಅಧಿಕಾರ ನಿಂತಿರೋದು ಚಿನ್ನದ ಪೀಠದ ಮೇಲೆ, ಓಕೊಂಫೋ ಅನೋಚೆ ಅನ್ನೋ ಪೂಜಾರಿ ಅದನ್ನ ಆಕಾಶದಿಂದ ಇಳಿಸಿದ ಅಂತ ನಂಬಿಕೆ, ಅದೇ ಅಸಾಂಟೆಯ ದಂಡನಾಯಕರು ಯುದ್ಧಕ್ಕೆ ಹೊರಟಾಗ ಹಾಕ್ಕೊಳ್ತಿದ್ದ ಅಂಗಿಯ ತುಂಬ ಮುಸ್ಲಿಮರು ಬರೆದುಕೊಟ್ಟ ತಾಯಿತಗಳು. 1817ರಲ್ಲಿ ಅವರ ರಾಜಧಾನಿ ಕುಮಾಸಿಗೆ ಹೋದ ಬ್ರಿಟಿಷ್ ನಿಯೋಗ ಇದನ್ನ ಕಣ್ಣಾರೆ ನೋಡಿ ಬರೆದಿದೆ. ಅವರು ಮುಸ್ಲಿಮರಾದ್ರಾ? ಇಲ್ಲ. ನಂಬಿಕೆ ಇರ್ಲಿಲ್ವಾ? ಇತ್ತು, ದುಡ್ಡು ಕೊಟ್ಟು ತಗೊಳ್ಳೋಷ್ಟಿತ್ತು.

ಎರಡನೇದು ಚಿನ್ನದ ಕಥೆ, ಗೇಮ್ ಡಿಸೈನ್ ದೃಷ್ಟಿಯಿಂದ ನಂಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮಾಲಿಯ ರಾಜ ಮಾನ್ಸಾ ಮೂಸಾ 1324ರಲ್ಲಿ ಹಜ್‌ಗೆ ಹೋಗ್ತಾ ಕೈರೋದಲ್ಲಿ ಚಿನ್ನ ಹಂಚಿ ಅಲ್ಲಿ ಚಿನ್ನದ ಬೆಲೆ ಇಳಿಸಿದ್ದು ನಿಮಗೆಲ್ಲ ಗೊತ್ತಿರೋದೇ. ಆಮೇಲೆ ಕೆಲವು ವರ್ಷಕ್ಕೆ ಅಲ್ ಉಮರಿ ಅನ್ನೋನು ಕೈರೋದಲ್ಲಿ ಮೂಸಾನನ್ನ ಕಂಡವರನ್ನ ವಿಚಾರಿಸಿ ಬರೆದಿಟ್ಟ. ಅದರಲ್ಲೊಂದು ವಿಷಯ ಬರತ್ತೆ: ಚಿನ್ನ ತೆಗೆಯೋ ಸೀಮೆಯ ಜನ ಮುಸ್ಲಿಮರಲ್ಲ, ರಾಜ ಮನಸ್ಸು ಮಾಡಿದ್ರೆ ಅವರನ್ನ ಪೂರ್ತಿ ಗೆಲ್ಲಬಹುದು, ಆದ್ರೆ ಅಂಥ ಊರೊಂದನ್ನ ಗೆದ್ದು ಅಲ್ಲಿ ಅಜಾನ್ ಕೇಳೋಕೆ ಶುರುವಾದ ಕೂಡಲೇ ಚಿನ್ನ ಕಮ್ಮಿಯಾಗಿ ನಿಂತೇ ಹೋಗತ್ತೆ, ಪಕ್ಕದ ಸೀಮೆಯಲ್ಲಿ ಜಾಸ್ತಿಯಾಗತ್ತೆ, ಇದು ಅನುಭವದಿಂದ ಗೊತ್ತಾಗಿ ಅವರನ್ನ ಅವರ ಪಾಡಿಗೆ ಬಿಟ್ಟು ಕಪ್ಪ ತಗೊಳ್ತಾರೆ ಅಂತ. ಚಿನ್ನ ಯಾಕೆ ನಿಲ್ತು ಅನ್ನೋದಕ್ಕೆ ನೀವು ಕಾರಣ ಊಹಿಸಬಹುದು, ಗಣಿ ಕೆಲಸದವರು ಜಾಗ ಬಿಟ್ಟು ಹೋಗ್ತಿದ್ರೇನೋ, ಭೂಮಿಗೆ ಕೊಡಬೇಕಾದ ಬಲಿ ನಿಂತ್ರೆ ಗುಂಡಿಗೆ ಇಳಿಯೋಕೆ ಯಾರೂ ಒಪ್ತಿರ್ಲಿಲ್ವೇನೋ. ಆಟಕ್ಕೆ ಮುಖ್ಯ ಏನಪ್ಪ ಅಂದ್ರೆ ಹಜ್ ಮಾಡಿ ಬಂದ, ಮಸೀದಿ ಕಟ್ಟಿಸಿದ ಮುಸ್ಲಿಂ ರಾಜನೊಬ್ಬ ಬೇಕಂತಲೇ ಮತಾಂತರ ಮಾಡಿಸದೆ ಇರೋದೇ ರಾಜನೀತಿ ಅಂತ ನಡ್ಕೊಂಡಿದಾನೆ. ನಮ್ಮ ಆಟಗಳಲ್ಲಿ ಮಿಷನರಿ ಕಳಿಸೋದು ಯಾವಾಗ್ಲೂ ಲಾಭ, ಬಣ್ಣ ಒಂದಾದಷ್ಟೂ ದಂಗೆ ಕಮ್ಮಿ, ತೆರಿಗೆ ಜಾಸ್ತಿ. ಬಂಬುಕ್, ಬುರೆ ಚಿನ್ನದ ಸೀಮೆಗಳಲ್ಲಿ ಮಿಷನರಿ ಕಳಿಸಿದ್ರೆ ಗಣಿಯ ಉತ್ಪತ್ತಿ ಬೀಳೋ ಹಾಗೆ ಒಂದು ಮಾಡಿಫೈಯರ್ ಹಾಕಿ ನೋಡಿ, ಮಾಲಿ ಆಡೋ ರೀತಿಯೇ ಬದಲಾಗತ್ತೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಪಕ್ಕಕ್ಕೆ ಹೋಗ್ತೀನಿ, ಯಾಕಂದ್ರೆ ಇದರಲ್ಲಿ ನಮ್ಮ ಕರಾವಳಿನೂ ಬರತ್ತೆ. ಅಲ್ ಬಕ್ರಿ ಘಾನಾದ ರಾಜ ತುಂಕಾ ಮನೀನ್ 1063ರಲ್ಲಿ ಪಟ್ಟಕ್ಕೆ ಬಂದ, ಅವನಿಗಿಂತ ಮುಂಚೆ ಇದ್ದದ್ದು ಅವನ ಸೋದರಮಾವ, ಅಲ್ಲಿ ಪಟ್ಟ ಹೋಗೋದು ಅಕ್ಕತಂಗಿಯ ಮಗನಿಗೇ ಅಂತ ಬರೀತಾನೆ. ಹೆಚ್ಚುಕಮ್ಮಿ ಮುನ್ನೂರು ವರ್ಷ ಆದ್ಮೇಲೆ, 1352ರಲ್ಲಿ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಸಹಾರಾ ದಾಟಿ ವಾಲಾತಾ ಊರಿಗೆ ಬರ್ತಾನೆ, ಅಲ್ಲಿನ ಮಸೂಫಾ ಜನರಲ್ಲೂ ಆಸ್ತಿ ಸ್ವಂತ ಮಕ್ಕಳಿಗೆ ಹೋಗಲ್ಲ, ಅಕ್ಕತಂಗಿಯ ಮಕ್ಕಳಿಗೆ ಹೋಗತ್ತೆ ಅಂತ ನೋಡಿ ಬೆರಗಾಗ್ತಾನೆ. ಬೆರಗಾಗಿ ಏನ್ ಹೇಳ್ತಾನೆ ಗೊತ್ತಾ, ಪ್ರಪಂಚದಲ್ಲಿ ಈ ಪದ್ಧತಿ ನಾನು ನೋಡಿರೋದು ಇನ್ನೊಂದೇ ಕಡೆ, ಹಿಂದೂಸ್ತಾನದ ಮಲಬಾರಿನಲ್ಲಿ ಅಂತ. ಅವನ ಲೆಕ್ಕದ ಮಲಬಾರು ಗೋವಾ ಕಡೆಯಿಂದ ಕೊಲ್ಲಂವರೆಗೆ, ಅಂದ್ರೆ ಮಂಗಳೂರೂ ಅದರೊಳಗೇ ಬಂತು, ಅವನು ಹೊನ್ನಾವರ, ಮಂಗಳೂರು ಎರಡನ್ನೂ ನೋಡಿದವನು. ತುಳುನಾಡಿನ ಅಳಿಯಸಂತಾನ ಗೊತ್ತಿರೋ ನಮಗೆ ಇದು ವಿಚಿತ್ರ ಅನ್ಸಲ್ಲ. ಅವನಿಗೆ ಇನ್ನೂ ಆಶ್ಚರ್ಯ ಆಗಿದ್ದು ಏನು ಅಂದ್ರೆ, ಮಲಬಾರಿನವರು ಬೇರೆ ಧರ್ಮದವರು ಸರಿ, ಈ ಮಸೂಫಾ ಜನ ಐದು ಹೊತ್ತು ನಮಾಜ್ ಮಾಡೋ, ಕುರಾನ್ ಬಾಯಿಪಾಠ ಮಾಡೋ ಮುಸ್ಲಿಮರು! ಕ್ರುಸೇಡರ್ ಕಿಂಗ್ಸ್ ಥರದ ಆಟದಲ್ಲಿ ಮಾತೃಮೂಲದ ಉತ್ತರಾಧಿಕಾರವನ್ನ ಧರ್ಮಕ್ಕೆ ಗಂಟು ಹಾಕಿದ್ರೆ ಇಂಥ ಜನ ಮಾಯವಾಗ್ತಾರೆ. ಅದು ಮನೆತನದ, ಕುಲದ ನಿಯಮ, ಧರ್ಮ ಬಂದ್ರೂ ಉಳಿಯತ್ತೆ.

ಅದೇ ಇಬ್ನ್ ಬತೂತ ಮುಂದೆ ಮಾಲಿಯ ರಾಜ ಮಾನ್ಸಾ ಸುಲೇಮಾನನ ಆಸ್ಥಾನದಲ್ಲಿ ಈದ್ ಹಬ್ಬ ನೋಡ್ತಾನೆ. ಹಬ್ಬದ ದಿನ ಮಧ್ಯಾಹ್ನದ ಮೇಲೆ ರಾಜ ಬಂದು ಕೂತ ಮೇಲೆ ಕವಿಗಳು, ಅಂದ್ರೆ ರಾಜವಂಶದ ಕಥೆ ಹಾಡೋರು, ಹಕ್ಕಿಯ ವೇಷ ಹಾಕ್ಕೊಂಡು ಬರ್ತಾರೆ, ಮೈಗೆಲ್ಲ ಗರಿ, ಮರದ ತಲೆ, ಅದಕ್ಕೆ ಕೆಂಪು ಕೊಕ್ಕು. ರಾಜನ ಮುಂದೆ ನಿಂತು, ಈ ಪೀಠದ ಮೇಲೆ ನಿನಗಿಂತ ಮುಂಚೆ ಇಂತಿಂಥವರು ಕೂತು ಇಂತಿಂಥ ಒಳ್ಳೇ ಕೆಲಸ ಮಾಡಿದ್ರು, ನೀನೂ ಮಾಡು ಅಂತ ಹಾಡ್ತಾರೆ. ಇದು ಇಸ್ಲಾಂ ಬರೋಕೆ ಮುಂಚಿಂದ ನಡ್ಕೊಂಡು ಬಂದಿರೋದು ಅಂತ ಅಲ್ಲಿನವರೇ ಅವನಿಗೆ ಹೇಳಿದ್ರು. ಬತೂತನಿಗೆ ಆ ವೇಷ ಹಿಡಿಸಲಿಲ್ಲ, ತಲೆಗೆ ಮಣ್ಣು ಹಾಕ್ಕೊಳ್ಳೋದೂ ಹಿಡಿಸಲಿಲ್ಲ, ಹೌದು, ಘಾನಾದಲ್ಲಿದ್ದ ಅದೇ ಪದ್ಧತಿ ಮಾಲಿಯಲ್ಲೂ ಇತ್ತು. ಆದ್ರೆ ಅದೇ ಜನ ಶುಕ್ರವಾರ ಬೆಳ್ಳಗಿನ ಬಟ್ಟೆ ಉಟ್ಕೊಂಡು ಮಸೀದಿಗೆ ಬರೋದು, ಕುರಾನ್ ಬಾಯಿಗೆ ಬರೋವರೆಗೆ ಮಕ್ಕಳ ಕಾಲಿಗೆ ಕೋಳ ಹಾಕಿ ಕೂರಿಸೋದು ನೋಡಿ ಹೊಗಳ್ತಾನೆ. ಎರಡೂ ಒಂದೇ ಊರು, ಎಷ್ಟೋ ಸಲ ಅದೇ ಜನ.

ಈಗ ಜನಾಂಗಗಳ ವಿಷಯ. ಆಟದಲ್ಲಿ ಕಲ್ಚರ್ ಅಂತ ಒಂದು ಕಾಲಂ ಇರತ್ತೆ, ಅದರಲ್ಲೂ ಇದೇ ತೊಂದರೆ. ಈಗಿನ ಬುರ್ಕಿನಾ ಫಾಸೋದ ಮೋಸಿ ರಾಜ್ಯಗಳನ್ನ ತಗೊಳ್ಳಿ. ಕುದುರೆ ಮೇಲೆ ಬಂದು ಗೆದ್ದವರ ವಂಶದವರಿಗೆ ಆಳೋ ಹಕ್ಕು, ಅದಕ್ಕೆ ನಾಮ್ ಅಂತಾರೆ. ಅವರು ಬರೋಕೆ ಮುಂಚೆ ಅಲ್ಲಿದ್ದವರ ಕೈಲಿ ಭೂಮಿಯ ಪೂಜೆ, ಅವರ ಹಿರಿಯನಿಗೆ ತೆಂಗ್‌ಸೋಬಾ ಅಂತ ಹೆಸರು. ಹೊಸ ಊರು ಕಟ್ಟಬೇಕಾ, ಕಾಡು ಕಡಿದು ಹೊಲ ಮಾಡಬೇಕಾ, ನೆಲದ ಮೇಲೆ ರಕ್ತ ಬಿದ್ದು ಮೈಲಿಗೆ ಆಯ್ತಾ, ತೆಂಗ್‌ಸೋಬಾ ಬಂದು ಬಲಿ ಕೊಡಬೇಕು, ರಾಜನ ಕೈಲಿ ಅದು ಆಗಲ್ಲ. ಇಬ್ಬರೂ ಮಾತಾಡೋದು ಒಂದೇ ಭಾಷೆ, ಇಬ್ಬರೂ ಮೋಸಿ, ಆದ್ರೆ ಗೆದ್ದವನಿಗೆ ಜನ ಸಿಕ್ಕಿದಾರೆ, ನೆಲ ಸಿಕ್ಕಿಲ್ಲ. ಇದನ್ನ ಆಟಕ್ಕೆ ತರೋದು ನೀವಂದುಕೊಂಡಷ್ಟು ಕಷ್ಟ ಇಲ್ಲ, ಪ್ರಾವಿನ್ಸ್‌ಗೆ ಆಳೋ ಕುಲ ಒಂದು, ನೆಲದ ಕುಲ ಇನ್ನೊಂದು ಅಂತ ಎರಡು ಸ್ಲಾಟ್ ಇಟ್ರೆ ಆಯ್ತು. ಯುದ್ಧದಲ್ಲಿ ಮೊದಲನೇದು ಮಾತ್ರ ಬದಲಾಗತ್ತೆ. ಎರಡನೇದರ ಒಪ್ಪಿಗೆ ಇಲ್ದೇ ಕಟ್ಟಡ ಕಟ್ಟೋಕೆ, ಜನ ಕೂರಿಸೋಕೆ ಆಗಬಾರದು.

ಇನ್ನು ಮ್ಯಾಪ್ ಮೇಲೆ ಒಂದು ಕಡೆ ನಿಲ್ಲದ ಜನ. ಫುಲಾನಿಗಳು ದನ ಹೊಡ್ಕೊಂಡು ಸೆನೆಗಲ್ಲಿಂದ ಕ್ಯಾಮೆರೂನ್‌ವರೆಗೆ ಹರಡಿದಾರೆ, ಬೇರೆಯವರ ರಾಜ್ಯದೊಳಗೆ, ಬೇರೆಯವರ ಹೊಲದ ಅಂಚಲ್ಲಿ, ಬೆಳೆ ಕೊಯ್ದ ಮೇಲೆ ಅದೇ ಹೊಲಕ್ಕೆ ಗೊಬ್ಬರ ಕೊಡ್ತಾ. ದ್ಯೂಲಾ ವ್ಯಾಪಾರಿಗಳು ಮಾಂಡೆ ಮಾತಾಡೋ ಮುಸ್ಲಿಮರು, ಕೋಲಾ ಕಾಯಿ, ಚಿನ್ನದ ದಾರಿ ಹಿಡಿದು ಕಾಡು ಸೀಮೆವರೆಗೆ ತಮ್ಮ ಕೇರಿಗಳನ್ನ ಮಾಡ್ಕೊಂಡವರು. ಅವರ ಪಂಡಿತ ಪರಂಪರೆ ಅಲ್ ಹಾಜ್ ಸಾಲಿಮ್ ಸುವಾರಿ ಅನ್ನೋ ಗುರುವಿನ ಹೆಸರಲ್ಲಿ ನಡೆಯತ್ತೆ, ಅದರ ಪಾಠ ಏನು ಅಂದ್ರೆ ಬೇರೆ ಧರ್ಮದ ರಾಜನ ಕೆಳಗೆ ಇರೋದು ತಪ್ಪಲ್ಲ, ಅವನಿಗೆ ವಿಧೇಯರಾಗಿರಿ, ಮತಾಂತರಕ್ಕೆ ಒತ್ತಾಯ ಬೇಡ, ಅದು ದೇವರ ಸಮಯಕ್ಕೆ ಆಗತ್ತೆ, ನೀವು ಓದು ಬಿಡಬೇಡಿ, ನಿಮ್ಮ ನಡತೆ ಚೆನ್ನಾಗಿಟ್ಕೊಳ್ಳಿ. ಶತಮಾನಗಟ್ಟಲೆ ನಡೆದ ಇಂಥದೊಂದು ಧರ್ಮಶಾಸ್ತ್ರದ ನಿಲುವಿಗೆ ಯಾವ ಆಟದಲ್ಲೂ ಬಟನ್ ಇಲ್ಲ, ನಂಗೆ ಇದು ದೊಡ್ಡ ಕೊರತೆ ಅನ್ಸತ್ತೆ. ಇನ್ನು ಮಾಂಡೆ ಸಮಾಜದೊಳಗಿನ ಕಮ್ಮಾರರು, ಹಾಡುಗಾರರು, ಚರ್ಮದ ಕೆಲಸದವರು ತಮ್ಮತಮ್ಮಲ್ಲೇ ಮದುವೆ ಆಗೋ ಗುಂಪುಗಳು. ಕಮ್ಮಾರರು ಕಬ್ಬಿಣ ಕಾಯಿಸೋದಲ್ದೆ ಕೋಮೋ ಅನ್ನೋ ಗುಪ್ತ ಸಂಘದ ಮುಖ್ಯಸ್ಥರೂ ಹೌದು, ಅದರ ಮುಖವಾಡ ಕೆತ್ತೋರೂ ಅವರೇ.

ಹೆಸರುಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗ್ತೀನಿ. ಕ್ರುಸೇಡರ್ ಕಿಂಗ್ಸ್ 3 ಶುರುವಾಗೋ 867ರ ಮ್ಯಾಪಲ್ಲಿ ಯೊರುಬಾ ಅಂತ ಒಂದೇ ಪಟ್ಟಿ ಬಳಿಯೋದು ಅನುಕೂಲ, ಆದ್ರೆ ಓಯೋ, ಇಜೇಶಾ, ಎಗ್ಬಾ, ಇಜೇಬು, ಎಕಿಟಿ ಎಲ್ಲ ಸೇರಿ ನಾವು ಯೊರುಬಾ ಅನ್ನೋ ಅಭಿಮಾನ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಊರಿನ ಗುರುತು, ಇಫೆ ಅನ್ನೋ ಹಳೇ ಊರಿಗೆ ಸೇರಿದ ಮೂಲಕಥೆ, ಹಂಚಿಕೊಂಡ ದೇವರುಗಳು. ಆಟ ಒಂದು ಗುಂಪಿನ ಹೆಸರು ಬಳಸ್ಲಿ, ಒಳಗೆ ಊರುಗಳನ್ನ ಬೇರೆ ಇಡ್ಲಿ.

ಓಯೋ ಬಂದಿದ್ದಕ್ಕೆ ಇದನ್ನೂ ಹೇಳ್ಬಿಡ್ತೀನಿ. ಓಯೋದ ರಾಜ ಅಲಾಫಿನ್, ಶಾಂಗೋ ದೇವರ ವಂಶದವನು, ಜನ ಅವನ ಮುಖ ನೋಡೋದೂ ಅಪರೂಪ. ಅಷ್ಟಾದ್ರೂ ಓಯೋ ಮೇಸಿ ಅನ್ನೋ ಏಳು ಜನರ ಮಂಡಲಿ, ಅದರ ಮುಖ್ಯಸ್ಥ ಬಶೋರುನ್, ಅವನು ರಾಜನಿಗೆ ದೇವರುಗಳೂ ನಿನ್ನ ಬೇಡ ಅಂದಿದಾರೆ, ಜನರೂ ಬೇಡ ಅಂದಿದಾರೆ ಅಂತ ಸಾರಿದ್ರೆ ರಾಜ ಪ್ರಾಣ ಬಿಡಬೇಕು. ಬಶೋರುನ್ ಗಾಹಾ ಅನ್ನೋನು ಇದೇ ಅಧಿಕಾರ ಹಿಡ್ಕೊಂಡು ಒಬ್ಬರಾದ ಮೇಲೊಬ್ಬರು ಅಲಾಫಿನ್‌ಗಳನ್ನ ಮುಗಿಸಿದ, ಕೊನೆಗೆ 1774ರಲ್ಲಿ ಅಬಿಯೋದುನ್ ಅವನನ್ನ ಮುಗಿಸಿದ. ಧರ್ಮ ಅಂದ್ರೆ ರಾಜನಿಗೆ ಬೋನಸ್ ಅಂತ ಅಂದುಕೊಂಡಿರೋ ಡಿಸೈನರ್‌ಗಳು ಇದನ್ನ ಓದಬೇಕು, ಇಲ್ಲಿ ಧರ್ಮ ರಾಜನ ಕೊರಳಿಗೆ ಕಟ್ಟಿದ ಹಗ್ಗ. ಯೊರುಬಾ ಜನ ಕಣಿ ಕೇಳೋ ಇಫಾ ಶಾಸ್ತ್ರದಲ್ಲಿ 256 ಓಡು ಅನ್ನೋ ಲಕ್ಷಣಗಳಿವೆ, 16ನ್ನ 16ರಿಂದ ಗುಣಿಸಿ, ಪ್ರತಿಯೊಂದಕ್ಕೂ ಪದ್ಯಗಳ ಗೊಂಚಲು, ಈವೆಂಟ್ ಬರೆಯೋರು ಹುಡುಕೋದೇ ಇಂಥದ್ದನ್ನ.

ಈಗಿನ ಬೆನಿನ್ ದೇಶದಲ್ಲಿದ್ದ ದಾಹೋಮಿಯಲ್ಲಿ ಗೆಲುವಿನ ಲೆಕ್ಕವೇ ತಿರುಗುಮುರುಗು. ಅಲ್ಲಿನ ರಾಜರು 1724ರಲ್ಲಿ ಅಲ್ಲಾಡಾ, 1727ರಲ್ಲಿ ವಿಡಾ ಗೆದ್ರು. ಗೆದ್ದವರು ತಮ್ಮ ದೇವರನ್ನ ಸೋತವರ ಮೇಲೆ ಹೇರ್ತಾರೆ ಅಂತ ನಾವು ಆಟದಲ್ಲಿ ಕಲಿತಿದ್ದು. ದಾಹೋಮಿಯವರು ಸುತ್ತಲ ಜನರ ದೇವರುಗಳಾದ ವೋಡುನ್‌ಗಳನ್ನ ತಮ್ಮ ರಾಜಧಾನಿ ಅಬೋಮಿಗೆ ತಂದು ಗುಡಿ ಕಟ್ಟಿ ಕೂರಿಸ್ಕೊಂಡ್ರು, ಆ ದೇವರ ಶಕ್ತಿ ಶತ್ರು ಕೈಲಿ ಉಳಿಯೋದು ಬೇಡ ಅಂತಾನೂ ಇರಬಹುದು, ಪೂಜಾರಿಗಳು ಕಣ್ಣೆದುರಿಗಿರ್ಲಿ ಅಂತಾನೂ ಇರಬಹುದು. 1740ರಿಂದ 1774ರವರೆಗೆ ಆಳಿದ ತೆಗ್ಬೆಸು ಕಾಲದಲ್ಲಿ ರಾಜಮಾತೆಯ ಪದವಿಯಲ್ಲಿದ್ದ ಹ್ವಾಂಜಿಲೆ ಅನ್ನೋ ಹೆಂಗಸು ಮಾವು ಲೀಸಾ ಅನ್ನೋ ಜೋಡಿ ದೇವರನ್ನ ತಂದು ಎಲ್ಲ ವೋಡುನ್‌ಗಳ ಮೇಲೆ ಸ್ಥಾಪಿಸಿದ್ಳು. ಆಟದ ಭಾಷೆಯಲ್ಲಿ ಹೇಳೋದಾದ್ರೆ ದೇವರು ಅನ್ನೋದು ಗೆದ್ದು ತರೋ ಆಸ್ತಿ, ತಂದ ಮೇಲೆ ಸಾಕಬೇಕು, ಅದರ ಪೂಜಾರಿಗಳಿಗೆ ಜಾಗ ಕೊಡಬೇಕು, ಆ ಕೆಲಸ ಮಾಡೋಕೆ ಆಸ್ಥಾನದಲ್ಲಿ ಹೆಂಗಸರ ಪದವಿ ಇರಬೇಕು.

ರಾಜರೇ ಇಲ್ದಿರೋ ಕಡೆ ಏನ್ಮಾಡೋದು ಅಂತ ಕೇಳಿದ್ರಿ. ಈಗಿನ ನೈಜೀರಿಯಾದ ಆಗ್ನೇಯದ ಇಗ್ಬೋ ಸೀಮೆ ಬಹಳ ಆಟಗಳಲ್ಲಿ ಖಾಲಿ ಜಾಗ, ಯಾರಾದ್ರೂ ಬಂದು ಕಾಲನಿ ಮಾಡ್ಲಿ ಅಂತ ಬೂದು ಬಣ್ಣ. ಅಲ್ಲಿ ಜನ ಒತ್ತೊತ್ತಾಗಿ ಬದುಕಿದ್ರು, ಹಳ್ಳಿಗಳು ಸಭೆ ಸೇರಿ ತೀರ್ಮಾನ ಮಾಡ್ತಿದ್ವು. ಆರೋಚುಕ್ವು ಊರಲ್ಲಿ ಇಬಿನಿ ಉಕ್ಪಾಬಿ ಅನ್ನೋ ದೇವರ ವಾಣಿ ಇತ್ತು, ದೂರದೂರದಿಂದ ಜನ ವ್ಯಾಜ್ಯ ತಗೊಂಡು ಅಲ್ಲಿಗೆ ಬರ್ತಿದ್ರು, ಆ ಊರಿನ ಆರೋ ವ್ಯಾಪಾರಿಗಳು ದೇವರ ಹೆಸರು ಹೇಳ್ಕೊಂಡು ಎಲ್ಲ ಹಳ್ಳಿಗೂ ನಿರ್ಭಯವಾಗಿ ಹೋಗಿಬರ್ತಿದ್ರು. ಆ ದೇವರ ಮುಂದೆ ತಪ್ಪಿತಸ್ಥರಾದವರಲ್ಲಿ ಅನೇಕರು ಗುಲಾಮರಾಗಿ ಕರಾವಳಿಯ ಹಡಗು ಹತ್ತಿದ್ರು ಅನ್ನೋದನ್ನೂ ಆಟ ಬಚ್ಚಿಡಬಾರದು. ಸೈನ್ಯ ಇಲ್ಲ, ಗಡಿ ಇಲ್ಲ, ಆದ್ರೆ ಅಧಿಕಾರ ಇದೆ. ಉತ್ತರ ಯುರೋಪಿನ ಹಾನ್ಸಿಯಾಟಿಕ್ ಕೂಟದ ವ್ಯಾಪಾರಿ ಊರುಗಳಿಗೆ ವಿಶೇಷ ನಿಯಮ ಬರೆಯೋಕೆ ಟೈಮ್ ಸಿಗತ್ತೆ ಅಂದ್ರೆ ಆರೋ ಜಾಲಕ್ಕೂ ಸಿಗಬೇಕು.

ಇಷ್ಟೆಲ್ಲ ಸೇರಿಸಿದ್ರೆ ಆಟ ಆಡೋಕಾಗತ್ತಾ ಅಂತ ಇನ್ನೊಂದು ಪ್ರಶ್ನೆ ಬಂತು. ಆಗತ್ತೆ, ಯಾಕಂದ್ರೆ ನಾನು ಹತ್ತು ಹೊಸ ಧರ್ಮ ಸೇರಿಸಿ ಅಂತಿಲ್ಲ, ಒಂದು ಕಾಲಂನ ಮೂರು ಕಾಲಂ ಮಾಡಿ ಅಂತಿದೀನಿ: ಆಸ್ಥಾನ ಯಾವುದಕ್ಕೆ ನಡ್ಕೊಳ್ಳತ್ತೆ, ನೆಲ ಯಾವುದಕ್ಕೆ, ವ್ಯಾಪಾರಿ ಕೇರಿ ಯಾವುದಕ್ಕೆ. ಮೂರೂ ಬೇರೆ ಇದ್ರೆ ಅದು ದಂಗೆಗೆ ಕಾರಣ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಮೂರನ್ನೂ ನಿಭಾಯಿಸೋ ರಾಜನಿಗೆ ವ್ಯಾಪಾರ, ನೆಲ, ಜನ ಮೂರೂ ಸಿಗ್ಲಿ.

ಹಾಗಂತ ಅಲ್ಲಿ ಎಲ್ಲರೂ ಎಲ್ಲ ದೇವರಿಗೂ ಕೈ ಮುಗಿದು ಸುಖವಾಗಿದ್ರು ಅಂತ ತಿಳ್ಕೊಂಡ್ರೆ ಅದೂ ಪೂರ್ತಿ ಸರಿಯಲ್ಲ. ಹೀಗೆ ಬೆರೆಸೋದು ಸರಿಯಾ ತಪ್ಪಾ ಅಂತ ಅಲ್ಲೇ ಜಗಳ ನಡೀತು, ದೊಡ್ಡ ಜಗಳ. ಸೋಂಘಾಯ್‌ನ ರಾಜ ಸೋನಿ ಅಲಿ 1464ರಿಂದ 1492ರವರೆಗೆ ಆಳಿದ, ನಮಾಜ್ ಮಾಡ್ತಿದ್ದ, ರಂಜಾನ್ ಉಪವಾಸ ಮಾಡ್ತಿದ್ದ, ಜೊತೆಗೆ ಮರಗಳಿಗೆ, ಕಲ್ಲುಗಳಿಗೆ ನಡ್ಕೋತಿದ್ದ, ಮಂತ್ರವಾದಿಗಳನ್ನ ಕೇಳ್ತಿದ್ದ. 1493ರಲ್ಲಿ ಅವನ ಮಗನನ್ನ ಇಳಿಸಿ ಪಟ್ಟಕ್ಕೆ ಬಂದ ಅಸ್ಕಿಯಾ ಮೊಹಮ್ಮದ್, ಅಲ್ ಮಘೀಲಿ ಅನ್ನೋ ಉತ್ತರ ಆಫ್ರಿಕಾದ ಪಂಡಿತನಿಗೆ ಪ್ರಶ್ನೆಗಳನ್ನ ಬರೆದು ಕೇಳ್ದ, ಸೋನಿ ಅಲಿ ಮುಸ್ಲಿಮನಾ ಅಲ್ವಾ ಅಂತ. ಅಲ್ವೇ ಅಲ್ಲ ಅಂತ ಉತ್ತರ ಬಂತು. ಆ ಉತ್ತರದಿಂದ ಅಸ್ಕಿಯಾನ ಪಟ್ಟ ಭದ್ರ ಆಯ್ತು.

ಮುನ್ನೂರು ವರ್ಷ ಆದ್ಮೇಲೆ ಈಗಿನ ಉತ್ತರ ನೈಜೀರಿಯಾದ ಹೌಸಾ ಸೀಮೆಯಲ್ಲಿ ಉಸ್ಮಾನ್ ದಾನ್ ಫೋಡಿಯೋ ಅನ್ನೋ ಪಂಡಿತ ಅದೇ ಉತ್ತರಗಳನ್ನ ಉಲ್ಲೇಖ ಮಾಡಿ, ಹೌಸಾ ರಾಜರು ಬೆರೆಸೋರು, ಅವರ ಮೇಲೆ ಯುದ್ಧ ನ್ಯಾಯ ಅಂತ ವಾದಿಸ್ದ, 1804ರಲ್ಲಿ ಜಿಹಾದ್ ಶುರುವಾಯ್ತು. ಅದು ಪಕ್ಕದ ಬೋರ್ನೋ ರಾಜ್ಯಕ್ಕೂ ಬಂತು, 1808ರಲ್ಲಿ ಅದರ ರಾಜಧಾನಿ ಬಿತ್ತು. ಬೋರ್ನೋದ ಪರ ನಿಂತ ಅಲ್ ಕಾನೆಮಿ ಸುಮ್ನೆ ಕತ್ತಿ ಹಿಡೀಲಿಲ್ಲ, ಪತ್ರ ಬರೆದ, ನಾವೂ ಮುಸ್ಲಿಮರು, ನಮ್ಮ ಮೇಲೆ ಯಾಕೆ ಯುದ್ಧ ಅಂತ. ನಮ್ಮಲ್ಲಿ ಕೆಲವರು ಕೆಲವು ಜಾಗಕ್ಕೆ ಹೋಗಿ ಬಲಿ ಕೊಡ್ತಾರೆ, ಲಂಚ ಇದೆ, ಹೆಂಗಸರು ತಲೆ ಮುಚ್ಚಲ್ಲ, ಇವೆಲ್ಲ ಪಾಪ ಹೌದು, ಆದ್ರೆ ಪಾಪ ಮಾಡಿದ ಮಾತ್ರಕ್ಕೆ ಧರ್ಮ ಬಿಟ್ಟಂಗಾಗಲ್ಲ, ಇಂಥದ್ದು ಈಜಿಪ್ಟಿನಲ್ಲೂ ಇದೆ ಅನ್ನೋದು ಅವನ ವಾದ. ಉಸ್ಮಾನನ ಮಗ ಮೊಹಮ್ಮದ್ ಬೆಲ್ಲೋ ಇದಕ್ಕೆಲ್ಲ ಉತ್ತರ ಕೊಟ್ಟ, ನಿಮ್ಮ ರಾಜರು ಬಲಿ ಕೊಡೋದು ಪಾಪ ಅಷ್ಟೇ ಅಲ್ಲ ಅಂತ, ಪತ್ರಗಳನ್ನ ತನ್ನ ಪುಸ್ತಕದಲ್ಲಿ ಸೇರಿಸ್ದ, ಅದಕ್ಕೇ ಇವತ್ತು ನಾವು ಓದೋಕೆ ಸಾಧ್ಯ ಆಗಿರೋದು.

1821ರವರೆಗೆ ನಡೆಯೋ ಯುರೋಪಾ ಯೂನಿವರ್ಸಾಲಿಸ್ 4ರಂಥ ಆಟದಲ್ಲಿ ಇದು ಕೊನೇ ಘಟ್ಟಕ್ಕೆ ಸರಿಯಾಗಿ ಬರತ್ತೆ. ಆ ಹೊತ್ತಿಗೆ ಮೂರು ಕಾಲಂ ನಿಭಾಯಿಸ್ತಾ ಶತಮಾನಗಳು ಕಳೆದಿರೋ ಆಟಗಾರನ ಮುಂದೆ ಬೆಲ್ಲೋನ ಪತ್ರ ತೆರೀಬೇಕು, ನಿನ್ನ ನೆಲದ ಬಲಿಗಳನ್ನ ನಿಲ್ಲಿಸು, ಇಲ್ಲಾ ಯುದ್ಧ. ನಿಲ್ಲಿಸಿದ್ರೆ ನೆಲದ ಕುಲಗಳು ಕೈಬಿಡ್ತಾವೆ, ನಿಲ್ಲಿಸ್ದೇ ಇದ್ರೆ ಕೇರಿಯ ಪಂಡಿತರಲ್ಲಿ ಅರ್ಧ ಜನ ಆ ಕಡೆ ಹೋಗ್ತಾರೆ. ಮೂರನೇ ಬಟನ್ ಅಲ್ ಕಾನೆಮಿಯದು, ವಾದ ಮಾಡೋದು, ಅದು ಕೆಲಸ ಮಾಡಬೇಕಾದ್ರೆ ಆಟಗಾರ ಅಲ್ಲಿವರೆಗೆ ತನ್ನ ಆಸ್ಥಾನದಲ್ಲಿ ಪಂಡಿತರನ್ನ ಸಾಕಿರಬೇಕು.